ಹಾಜರಿ ಹಾಕಿದ ಹೆಣ

“ನಿಮ್ಮ ಕಾರ್ಖಾನೇಲಿ ಎಷ್ಟು ಜನ ಕೆಲಸ ಮಾಡ್ತಾರೆ ಅನ್ನೋದು ನಿಮ್ಮಲ್ಲಿ ಒಬ್ಬನಿಗಾದ್ರೂ ಗೊತ್ತಿದೆಯೇನ್ರೀ?”

ಗುರುಬಸಪ್ಪ ಮೇಜು ಗುದ್ದಿದ ರಭಸಕ್ಕೆ ಸಂಜೀವಯ್ಯನ ಕಾಫಿ ಲೋಟದಿಂದ ಹಾರಿ ಫೈಲಿನ ಮೇಲೆ ಬಿತ್ತು.

ಸಂಜೀವಯ್ಯ ಸುವರ್ಣಮುಖಿ ಪಂಪ್ಸಿನ ಪರ್ಸನೆಲ್ ಮ್ಯಾನೇಜರ್. ಕೋಪ ಮಾಡಿಕೊಳ್ಳದೆ ಬಡ್ತಿ ಪಡೆಯುತ್ತಾ ಬಂದ ಮನುಷ್ಯ. ಕರವಸ್ತ್ರದಿಂದ ಫೈಲು ಒರೆಸುತ್ತಾ ಕೇಳಿದ.

“ಗೊತ್ತಿಲ್ಲದೆ ಏನು, ಗುರುಬಸಪ್ಪನವರೇ? ಯಾವ ಸೆಕ್ಷನ್ ಪ್ರಕಾರ ಹೇಳ್ಲಿ?”

ಬೆಳಿಗ್ಗೆಯಿಂದ ಗುರುಬಸಪ್ಪನಿಗೆ ಸಿಕ್ಕಿದ್ದು ಇದೇ ಉತ್ತರ. ಟೈಮ್ ಆಫೀಸು ಹಾಜರಿಯ ಹಿತ್ತಾಳೆ ಟೋಕನ್ ಎಣಿಸುತ್ತದೆ. ಕ್ಯಾಂಟೀನು ತಟ್ಟೆ ಎಣಿಸುತ್ತದೆ. ಡಿಸ್ಪೆನ್ಸರಿ ಚೀಟಿ ಎಣಿಸುತ್ತದೆ, ಸ್ಟೋರು ಬೂಟು ಎಣಿಸುತ್ತದೆ. ಮನುಷ್ಯನನ್ನು ಎಣಿಸುವವನು ಇಡೀ ಕಾರ್ಖಾನೆಯಲ್ಲಿ ಒಬ್ಬನೂ ಇಲ್ಲ. ಒಬ್ಬನೇ ಕೆಲಸಗಾರನಿಗೆ ಒಂದೊಂದು ಕಡೆ ಒಂದೊಂದು ನಂಬರು. ಒಂದು ಸೆಕ್ಷನ್ನಿನ ಪುಸ್ತಕ ಇನ್ನೊಂದು ಸೆಕ್ಷನ್ನಿನವನು ಕೇಳಿದರೆ, ಮನೆ ಹೆಂಗಸಿನ ಪೆಟ್ಟಿಗೆಗೆ ಕೈ ಹಾಕಿದನೇನೋ ಎಂಬಂತೆ ಜಗಳ.

ಕಳೆದ ಶನಿವಾರ ಕಾರ್ಖಾನೆಯ ಹಿಂದಿನ ಕೊಳಚೆ ಹೊಂಡದಲ್ಲಿ, ತಲೆಯ ಹಿಂಭಾಗ ಒಡೆದ ಒಂದು ಹೆಣ ತೇಲಿತ್ತು. ಮೈಮೇಲೆ ಕಾರ್ಖಾನೆಯದೇ ಖಾಕಿ. ಕಾಲು ಬರಿದು. ಮುಖ ಗುರುತು ಹಿಡಿಯುವಂತಿರಲಿಲ್ಲ.

ಕಾರ್ಖಾನೆ ಹೇಳಿದ್ದು ಒಂದೇ ಮಾತು: ನಮ್ಮವನಲ್ಲ, ನಮ್ಮ ಟೋಕನ್‌ಗಳೆಲ್ಲ ಹಾಜರಿವೆ. ಪತ್ರಿಕೆಯವರು ಬಿಡದೆ ಕೆದಕಿದಾಗ, ಅದೇ ಮಾತಿಗೆ ಹೊರಗಿನವನೊಬ್ಬನ ಸಹಿ ಬೇಕಾಯಿತು. ಹಾಗಾಗಿ ಜಯನಗರದ ಖಾಸಗಿ ಪತ್ತೇದಾರ ಗುರುಬಸಪ್ಪನಿಗೆ ಕರೆ ಬಂದಿತ್ತು.

ಸಂಜೀವಯ್ಯ ಟೈಪ್ ಮಾಡಿದ ಹಾಳೆಯೊಂದನ್ನು ಮುಂದೆ ತಳ್ಳಿದ. “ಇದಕ್ಕೊಂದು ಸಹಿ ಹಾಕಿಬಿಡಿ. ನಾಳೆ ಬೆಳಿಗ್ಗೆ ಆಸ್ಪತ್ರೆಯವರು ಮಣ್ಣು ಮಾಡ್ತಾರಂತೆ. ದಿಕ್ಕಿಲ್ಲದ ಹೆಣ, ಪಾಪ.”

“ದಿಕ್ಕಿಲ್ಲ ಅಂತ ಯಾರ್ರೀ ಹೇಳಿದ್ದು?”

“ಟೈಮ್ ಆಫೀಸು.”

ಗುರುಬಸಪ್ಪ ಹಾಳೆ ಮಡಚಿ ಜೇಬಿಗೆ ತುರುಕಿದ. “ಸತ್ತವನ ಬಲಗಡೆ ಕಾಲರ್ ಮೂಳೆ ಯಾವಾಗಲೋ ಮುರಿದು ಕೂಡಿಕೊಂಡಿದೆ. ಗಂಟು ಹಾಗೇ ಇದೆ. ಪೊಲೀಸ್ ಡಾಕ್ಟರು ಬರೆದಿದ್ದಾರೆ. ಈ ಕಟ್ಟಡದಲ್ಲಿ ಮೂಳೆ ಲೆಕ್ಕ ಯಾರ ಹತ್ರ ಇದೆ ಹೇಳಿ, ಆಮೇಲೆ ಸಹಿ.”

ಸಂಜೀವಯ್ಯ ಕಿಟಕಿಯಾಚೆ ಕೈ ತೋರಿಸಿದ. “ಕಂಪ್ಯೂಟರ್ ರೂಮಿಗೆ ಹೋಗಿ. ಎಲ್ಲರ ಪುಸ್ತಕಾನೂ ಈಗ ಅಲ್ಲೇ ಹಾಕ್ತಿದಾರೆ. ದೊಡ್ಡ ಸಾಹೇಬರ ಹುಚ್ಚು.”

* * *

ಇಡೀ ಕಾರ್ಖಾನೆಯಲ್ಲಿ ತಣ್ಣಗಿದ್ದ ಜಾಗ ಅದೊಂದೇ. ಎರಕದ ಶಾಪಿನಲ್ಲಿ ಜನ ಬೇಯುತ್ತಿದ್ದರೂ ಫ್ಯಾನಿಗೆ ಗತಿಯಿಲ್ಲ. ಯಂತ್ರಕ್ಕೆ ಸೆಕೆಯಾಗಬಾರದು ಎಂದು ಗೋಡೆಗೆಲ್ಲ ಏರ್ ಕಂಡೀಷನ್.

ಬಾಗಿಲ ಹೊರಗೆ ಚಪ್ಪಲಿ ಸಾಲಾಗಿ ಬಿದ್ದಿದ್ದವು. ಒಳಗೆ ಧೂಳು ಹೋಗಬಾರದಂತೆ. ಗುರುಬಸಪ್ಪ ಬೈಯುತ್ತಲೇ ಬಗ್ಗಿ ಶೂ ಲೇಸು ಬಿಚ್ಚಿದ. ದೇವಸ್ಥಾನದಲ್ಲಾದರೂ ತೀರ್ಥ ಕೊಡುತ್ತಾರೆ.

ಆ ರೂಮಿನ ಉಸ್ತುವಾರಿ ವಾರಿಜಾಗೆ ಮೂವತ್ತೆರಡೋ ಮೂವತ್ತಮೂರೋ. ದಪ್ಪ ಕನ್ನಡಕ, ಹೆಗಲ ಮೇಲೆ ಶಾಲು. ಸುತ್ತಲೂ ತೂತು ಕೊರೆದ ಕಾರ್ಡುಗಳ ಪೆಟ್ಟಿಗೆ. ಒಬ್ಬ ಮನುಷ್ಯನಿಗೆ ಒಂದೇ ನಂಬರು, ಒಂದೇ ಕಾರ್ಡು ಎಂದು ದೊಡ್ಡ ಸಾಹೇಬರು ಹೊರಡಿಸಿದ ಆಜ್ಞೆ ಅವಳ ತಲೆಯ ಮೇಲೆ ಬಿದ್ದಿತ್ತು. ಎಲ್ಲ ಸೆಕ್ಷನ್ನುಗಳ ಬಾಗಿಲು ತಟ್ಟಿ, ಬೈಸಿಕೊಂಡು, ಪುಸ್ತಕ ತಂದು, ಒಂದರ ಪಕ್ಕ ಒಂದಿಟ್ಟು ಹೊಂದಿಸುವ ಕೆಲಸ. ಹೊಂದದವರು ಖುದ್ದಾಗಿ ಈ ರೂಮಿಗೆ ಬಂದು ಸರಿಪಡಿಸಿಕೊಳ್ಳಬೇಕೆಂದು ಗೇಟಿನಲ್ಲಿ ನೋಟೀಸು ಅಂಟಿಸಿದ್ದರು.

“ಬಲಗಡೆ ಮೂಳೆ ಮುರಿದವರು ಡಿಸ್ಪೆನ್ಸರಿ ಚೀಟೀಲಿ ಇಬ್ಬರೇ, ಸಾರ್,” ಎಂದಳು ವಾರಿಜಾ. ಹುಡುಕಲೇ ಇಲ್ಲ, ಬಾಯಲ್ಲೇ ಇತ್ತು. “ಒಬ್ಬರು ರಿಟೈರ್ ಆಗಿದಾರೆ. ಮೊನ್ನೆ ರಾಜ್ಯೋತ್ಸವದ ಚಂದಾ ಎತ್ತೋಕೆ ಬಂದು ನನ್ನ ಹತ್ರ ಜಗಳ ಆಡ್ಕೊಂಡು ಹೋದ್ರು. ಇನ್ನೊಬ್ಬರದು 1147ನೇ ಟೋಕನ್. ಚಿಕ್ಕಬೈರಪ್ಪ, ಎರಕದ ಶಾಪು. ಟ್ರಾಲಿ ಮಗುಚಿಕೊಂಡಿತ್ತು.”

“ಅವನು ಕಾಣೆಯಾಗಿದ್ದಾನಾ?”

“ಟೈಮ್ ಆಫೀಸ್ ಪ್ರಕಾರ ಹಾಜರ್. ಇವತ್ತೂ ಬಂದಿದ್ರು.”

“ಮತ್ತೆ ಯಾಕಮ್ಮ ನನ್ನ ಹೊತ್ತು ಹಾಳು ಮಾಡ್ತೀಯ?”

ವಾರಿಜಾ ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಸ್ಟೋರಿನವರು ಮಂಗಳವಾರ ಒಂದು ಜೊತೆ ಬೂಟು ಬದಲಾಯಿಸಿ ಕೊಟ್ಟಿದಾರೆ, ಸಾರ್. ಒಂಬತ್ತನೇ ಸೈಜು ವಾಪಸ್ ತಗೊಂಡು ಏಳು ಕೊಟ್ರು. ಅವರಿಗೆ ಅದು ಬೂಟು, ಅಷ್ಟೇ. ತಗೊಂಡೋರ ಟೋಕನ್ 1147.”

ವಯಸ್ಸಿಗೆ ಬಂದ ಗಂಡಸಿನ ಕಾಲು ಚಿಕ್ಕದಾಗುವುದಿಲ್ಲ.

“ಟೋಕನ್ ತೋರಿಸೋವಾಗ ಮುಖ ಯಾರೂ ನೋಡಲ್ವಾ?”

“ಟೈಮ್ ಆಫೀಸಿನ ಕಿಟಕಿ ಇಷ್ಟೇ ಇಷ್ಟು, ಸಾರ್. ಕೈ ಮಾತ್ರ ಕಾಣ್ಸುತ್ತೆ.”

“ನೀನು ನೋಡಿದೀಯಾ, ಈ ಚಿಕ್ಕಬೈರಪ್ಪನ್ನ?”

“ಇಲ್ಲ. ಅವರ ನಂಬರ್ ಹೊಂದಿಲ್ಲ ಅಂತ ಹೇಳಿ ಕಳಿಸಿದ್ದೆ. ಇಲ್ಲೀವರೆಗೂ ಬಂದಿಲ್ಲ.”

ಈ ಹುಡುಗಿಗಿರುವ ಬುದ್ಧಿ ಸಂಜೀವಯ್ಯನಿಗಿದ್ದರೆ ಹೆಣ ಒಂದು ವಾರ ಐಸಿನಲ್ಲಿ ಮಲಗುತ್ತಿರಲಿಲ್ಲ ಎಂದುಕೊಂಡು ಗುರುಬಸಪ್ಪ ಹೊರಬಂದು ಶೂ ಹಾಕಿಕೊಂಡ.

* * *

ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಕಾರ್ಖಾನೆಗೆ ಹೋದ ಜಮೀನು. ಹದಿನೈದು ವರ್ಷದ ಹಿಂದೆ ಇಲ್ಲೆಲ್ಲ ರಾಗಿ ತೆನೆ ಬಾಗುತ್ತಿತ್ತು. ಜಮೀನು ಬಿಟ್ಟುಕೊಟ್ಟ ಮನೆಗೊಂದು ಕೆಲಸ ಎಂದು ವೇದಿಕೆ ಹತ್ತಿ ಹೇಳಿದ್ದರು. ಮೂರು ಎಕರೆಗೂ ಒಂದೇ ಟೋಕನ್, ಹತ್ತು ಎಕರೆಗೂ ಒಂದೇ ಟೋಕನ್. ಹೇಳಿದವರ ಮನೆ ಜಯನಗರದಲ್ಲಿ ಎದ್ದಿತು.

ಚಿಕ್ಕಬೈರಪ್ಪನ ಊರಾದ ಗೊಟ್ಟಿಗೆರೆಯ ತಿರುವಿನಲ್ಲಿ ಗುರುಬಸಪ್ಪ ಸ್ಕೂಟರ್ ನಿಲ್ಲಿಸಿದ. ಬೋರಣ್ಣನ ಬೀಡಿ ಅಂಗಡಿ.

“ಚಿಕ್ಕಬೈರಪ್ಪನ ಮನೆ ಯಾವುದಣ್ಣ?”

“ಅವ್ನಿಲ್ವಲ್ಲ ಸಾರ್. ಲಾರಿ ಹತ್ಕೊಂಡು ಹೋಗಿ ವಾರದ ಮೇಲಾಯ್ತು. ಮಂಗ್ಳೂರ್ ಕಡೆ ಅಂತೆ. ತಮ್ಮ ಅವ್ನೆ, ಬೈರಣ್ಣ. ಇನ್ಶೂರೆನ್ಸ್‌ನೋರಾ ನೀವು?”

“ಲಾರೀನಾ? ಇವತ್ತು ಬೆಳಿಗ್ಗೆ ಕಾರ್ಖಾನೇಲಿ ಹಾಜರಿ ಹಾಕಿದಾನಲ್ಲಪ್ಪ ಚಿಕ್ಕಬೈರಪ್ಪ!”

ಬೋರಣ್ಣನಿಗೆ ಇದ್ದಕ್ಕಿದ್ದಂತೆ ಬೆಂಕಿಪೊಟ್ಟಣ ಜೋಡಿಸುವ ಕೆಲಸ ನೆನಪಾಯಿತು. “ಊರವ್ರ ಸಮಾಚಾರ ನಂಗ್ಯಾಕ್ ಸಾರ್? ಅಗೋ, ಹುಣಸೆ ಮರದ ಹಿಂದ್ಲ ಮನೆ.”

ಕಾರ್ಖಾನೆಯ ಲೆಕ್ಕದಲ್ಲಿ ಮನುಷ್ಯ ಎರಕ ಹೊಯ್ಯುತ್ತಿದ್ದಾನೆ. ಊರಿನ ಲೆಕ್ಕದಲ್ಲಿ ಲಾರಿಯಲ್ಲಿದ್ದಾನೆ. ಈ ಊರಿಂದ ಆ ಗೇಟಿಗೆ ನಡೆದೇ ಹೋಗಬಹುದು. ಆದರೂ ಎರಡು ಸುಳ್ಳೂ ಒಂದಕ್ಕೊಂದು ಎದುರಾಗದೆ ಒಂದು ವಾರ ಬದುಕಿದ್ದವು.

* * *

ಅಂಗಳದಲ್ಲಿ ಹೆಂಗಸೊಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ. ಎರಡೂ ಕೈತುಂಬ ಹಸಿರು ಬಳೆ, ಹೊಸವು. ಚಿಕ್ಕಬೈರಪ್ಪನ ಹೆಂಡತಿ ಲಕ್ಷ್ಮಿದೇವಮ್ಮ.

ಬಚ್ಚಲ ಕಲ್ಲಿನ ಮೇಲೆ ಒಬ್ಬ ಕೈಕಾಲಿನ ಮಸಿ ತೊಳೆಯುತ್ತಿದ್ದ. ಮೊದಲನೇ ಶಿಫ್ಟು ಮುಗಿಸಿ ಬಂದವನು. ಪಕ್ಕದಲ್ಲಿ ಹೊಸ ಬೂಟು.

“ಏನಯ್ಯ ನಿನ್ನ ಹೆಸರು?”

ಅವನು ಗುರುಬಸಪ್ಪನ ಶೂ ನೋಡಿದ, ಪ್ಯಾಂಟು ನೋಡಿದ. ಕಾರ್ಖಾನೆಯ ಕಡೆಯವನು ಎಂದು ಲೆಕ್ಕ ಹಾಕಿದ.

“ಚಿಕ್ಕಬೈರಪ್ಪ, ಸಾರ್.”

“ಅಂಗಿ ಬಿಚ್ಚು.”

“ಯಾಕ್ ಸಾರ್?”

ಗುರುಬಸಪ್ಪನಿಗೆ ತಾಳ್ಮೆ ಎನ್ನುವುದು ಹುಟ್ಟಿನಿಂದ ಬಂದಿರಲಿಲ್ಲ. ಎರಡು ಹೆಜ್ಜೆಯಲ್ಲಿ ಹೋಗಿ ಕೊರಳಪಟ್ಟಿಗೆ ಕೈ ಹಾಕಿ ಎಳೆದ. ಗುಂಡಿ ಹಾರಿ ಬಚ್ಚಲಿಗೆ ಬಿತ್ತು. ಬಲಗಡೆಯ ಮೂಳೆ ನುಣ್ಣಗೆ, ನೆಟ್ಟಗೆ, ಹುಟ್ಟಿದ ಹಾಗೇ ಇತ್ತು.

“ಟ್ರಾಲಿ ಬಿದ್ದು ಮುರಿದ ಮೂಳೆ ಎಲ್ಲೋ? ಲಾರೀಲಿ ಕಳಿಸಿದ್ಯಾ ಅದನ್ನೂ? ಬೈರಣ್ಣ ಅಲ್ವೇನೋ ನೀನು? ಅಣ್ಣನ್ನ ಹೊಂಡಕ್ಕೆ ಹಾಕಿ, ಅಣ್ಣನ ಟೋಕನ್ ಕೊರಳಿಗೆ ಹಾಕ್ಕೊಂಡು ಮೆರೀತಿದ್ದೀಯಾ?”

“ನಾನ್ಯಾಕ್ ಸಾಯಿಸ್ಲಿ ಸಾರ್?” ಎಂದ ಬೈರಣ್ಣ. “ಟೋಕನ್ ನಂದೂ ಅಲ್ವಾ? ಒಂದ್ ವಾರ ಅವ್ನು, ಒಂದ್ ವಾರ ನಾನು. ಅವತ್ತಿಂದ್ಲೂ ಹಂಗೇ. ಹೊಲ ಇಬ್ರುದೂ ಹೋಯ್ತು ಸಾರ್, ಕೆಲ್ಸ ಒಬ್ಬನ್ಗೆ ಹೆಂಗಾಯ್ತದೆ? ಕೆಲ್ಸ ಮನೆಗೆ ಕೊಟ್ಟಿದ್ದು ಅಂತ ನಮ್ಮಪ್ಪ ಹೇಳಿ ಸತ್ತ. ಹೊಲ ಉಳೋವಾಗ ಯಾರ್ ನೇಗ್ಲು ಹಿಡಿದ್ರು ಅಂತ ಯಾರಾದ್ರೂ ಬರ್ಕೋತಾರಾ?”

“ಫೋರ್‌ಮನ್?”

“ಎರಕ ಹೊಯ್ಯೋಕೆ ಕೈ ಇದ್ರೆ ಸಾಕು ಅಂದ. ಯಾರ್ ಕೈ ಆದ್ರೇನು.”

“ಮತ್ತೆ ಬೂಟು ಯಾಕೆ ಬದಲಾಯಿಸಿದೆ?”

“ನನ್ನ ಸರದೀಲಿ ಬಟ್ಟೆ ತುರುಕ್ಕೊಂಡು ಅಣ್ಣನ್ದೇ ಹಾಕ್ಕೋತಿದ್ದೆ.” ಬೈರಣ್ಣ ಹೊಸ ಬೂಟಿನ ಕಡೆ ನೋಡಲಿಲ್ಲ. “ಬುಧವಾರ ಎರಡನೇ ಶಿಫ್ಟಿಗೆ ಹೋದೋನು ಬರ್ಲಿಲ್ಲ. ಗುರುವಾರದಿಂದ ದಿನಾ ನಾನೇ ಅಲ್ವಾ ಸಾರ್.”

ಗುರುಬಸಪ್ಪ ಅವನ ಅಂಗಿ ಬಿಟ್ಟ. ಕೊಂದವನ ಬಾಯಲ್ಲಿ ಬರುವ ಮಾತಲ್ಲ ಅದು.

ಜೇಬಿನಿಂದ ಟೈಪ್ ಮಾಡಿದ ಹಾಳೆ ತೆಗೆದ. “ನಾಳೆ ಬೆಳಿಗ್ಗೆ ನಿಮ್ಮಣ್ಣನ್ನ ದಿಕ್ಕಿಲ್ಲದವನು ಅಂತ ಗುಂಡಿಗೆ ಹಾಕ್ತಾರೆ. ಹೆಸರಿಲ್ಲ, ಬಾಯಿಗೆ ಹಿಡಿ ಅಕ್ಕಿ ಇಲ್ಲ. ಇದಕ್ಕೆ ಸಹಿ ಹಾಕಿ ಹೋಗ್ಲಾ?”

ಬೈರಣ್ಣ ಕೈ ಮುಗಿದ. “ಹಾಕ್ಬಿಡಿ ಸಾರ್. ನಿಮ್ ಕಾಲಿಗ್ ಬೀಳ್ತೀನಿ. ಸತ್ತಿದ್ದು ಅವ್ನು ಅಂದ್ರೆ ಟೋಕನ್ ಹೋಯ್ತದೆ. ನಾನು ಯಾರು ಅಂತ ಕೇಳ್ತಾರೆ. ನೀವೇ ಈಗ ಏನಂದ್ರಿ? ಸಾಯಿಸ್ದೋನು ನಾನೇ ಅಂದ್ರಲ್ಲ. ಪೊಲೀಸ್ನೋರೂ ಅದೇ ಅಂತಾರೆ. ಅವ್ನು ಗುಂಡಿಗೆ, ನಾನು ಜೈಲಿಗೆ. ಮನೇಲಿ ಯಾರಿರ್ತಾರೆ?”

ಗುರುಬಸಪ್ಪ ಹಾಳೆಯನ್ನು ಕೈಯಲ್ಲೇ ಮಡಚಿದ. ಎದುರು ಮಾತು ಕೇಳಿದರೆ ಅವನಿಗೆ ಕೋಪ ಬರುತ್ತಿತ್ತು. ಈ ಸಲ ಬರಲಿಲ್ಲ.

ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

“ಬೈರ,” ಎಂದಳು ಲಕ್ಷ್ಮಿದೇವಮ್ಮ, “ಸಾಕು ಕಣಪ್ಪ.”

“ಅತ್ತಿಗೆ, ನೀನು ಒಳಗೆ ಹೋಗು.”

“ಒಳಗೆ ಹೋಗಿ ಏನ್ ಮಾಡ್ಲಿ? ಕನ್ನಡಿ ನೋಡ್ಕೊಳ್ಲಾ?” ಬಳೆಗಳ ಕೈಯನ್ನು ಮುಂದೆ ಚಾಚಿದಳು. “ನೋಡಿ ಸಾಮಿ. ಗಂಡ ಸತ್ತ ಮೇಲೆ ಹೊಸಾ ಬಳೆ ತೊಟ್ಕೊಂಡಿರೋ ಹೆಂಗ್ಸನ್ನ ಯಾವತ್ತಾದ್ರೂ ನೋಡಿದೀರಾ? ಊರೋರ್ಗೆ ಅನುಮಾನ ಬರ್ಬಾರ್ದು ಅಂತ ಇವ್ನೇ ಬಳೆಗಾರನ್ನ ಕರ್ಕೊಂಡ್ ಬಂದ. ದಿನಾ ಬೆಳಿಗ್ಗೆ ಎದ್ದು ಕುಂಕುಮ ಇಟ್ಕೋತೀನಿ. ಕೈ ನಡುಗಿ ದೊಡ್ದಾಗ್ ಬೀಳ್ತದೆ. ಹೊಂಡದಲ್ಲಿ ಹೆಣ ಸಿಕ್ತು ಅಂದಾಗ್ಲೇ ನಂಗೆ ತಿಳೀತು. ಬಾಯಿಗೆ ಸೆರಗು ತುರುಕ್ಕೊಂಡು ಕೊಟ್ಟಿಗೇಲಿ ಕೂತಿದ್ದೆ. ಜೋರಾಗ್ ಅಳೋಕೂ ಬಿಡ್ಲಿಲ್ಲ ಆ ಹಿತ್ತಾಳೆ ಬಿಲ್ಲೆ.”

ಬೈರಣ್ಣ ಬಚ್ಚಲ ಕಲ್ಲಿನ ಮೇಲೆ ಕುಳಿತ.

“ಆ ಬಿಲ್ಲೆ ಈ ಮನೆಗೆ ಹೇಗೆ ವಾಪಸ್ ಬಂತು, ತಾಯಿ?” ಗುರುಬಸಪ್ಪ ಮೆಲ್ಲಗೆ ಕೇಳಿದ. ಆ ಪ್ರಶ್ನೆ ಇಷ್ಟು ಹೊತ್ತೂ ಅವನ ಗಂಟಲಲ್ಲಿತ್ತು. ಚಿಕ್ಕಬೈರಪ್ಪ ಬುಧವಾರ ಎರಡನೇ ಶಿಫ್ಟಿಗೆ ಆ ಟೋಕನ್ ಹಿಡಿದು ಹೋಗಿದ್ದ. ಗುರುವಾರದಿಂದ ತಮ್ಮ ಅದನ್ನು ತೋರಿಸುತ್ತಿದ್ದಾನೆ. ಹೆಣದ ಜೇಬಿನಿಂದ ಟೋಕನ್ ತಾನಾಗಿ ನಡೆದು ಬರುವುದಿಲ್ಲ.

“ತಂದ್ಕೊಟ್ರು. ಗುರುವಾರ ಬೆಳಿಗ್ಗೆ ನಾನು ಬಾಗಿಲಿಗೆ ನೀರ್ ಹಾಕ್ತಿದ್ದೆ. ಇವ್ನು ಎದ್ದಿರ್ಲಿಲ್ಲ. ಯಾರೋ ಒಬ್ಬ ಆಯಮ್ಮ ಆಟೋದಲ್ಲಿ ಬಂದ್ರು. ಚೀಲದಾಗೆ ಟೋಕನ್ನೂ ಇತ್ತು, ನಮ್ ಯಜಮಾನ್ರ ಬೂಟೂ ಇತ್ತು. ‘ಇವತ್ತೇ ತಮ್ಮನ್ನ ಶಿಫ್ಟಿಗೆ ಕಳಿಸಿ, ಒಂದು ದಿನಾನೂ ತಪ್ಪಬಾರ್ದು, ಏನೂ ಕೇಳ್ಬೇಡಿ’ ಅಂದ್ರು.”

“ಬೂಟು ಒದ್ದೆ ಇತ್ತಾ?”

“ಇಲ್ಲ ಸಾಮಿ. ಒಣಗೇ ಇತ್ತು. ಲೇಸು ನೀಟಾಗ್ ಬಿಚ್ಚಿತ್ತು.”

ಗುರುಬಸಪ್ಪ ತನ್ನ ಶೂ ನೋಡಿಕೊಂಡ.

ಹೊಂಡದಲ್ಲಿ ಬಿದ್ದವನ ಕಾಲು ಬರಿದು. ಬೂಟು ಒಣಗಿದೆ. ಅಂದರೆ ಸಾಯುವ ಮೊದಲು ಅವನೇ ಬಗ್ಗಿ ಲೇಸು ಬಿಚ್ಚಿದ್ದಾನೆ. ಕಾದ ಕಬ್ಬಿಣ ಹರಿಯುವ ಎರಕದ ಶಾಪಿನಲ್ಲಿ ಯಾವ ಕೆಲಸಗಾರನೂ ಬೂಟು ಬಿಚ್ಚುವುದಿಲ್ಲ. ಆ ಇಡೀ ಕಾರ್ಖಾನೆಯಲ್ಲಿ ಮನುಷ್ಯ ಕಾಲಿನದನ್ನು ಬಿಟ್ಟು ಒಳಗೆ ಹೋಗುವ ಜಾಗ ಒಂದೇ ಒಂದು. ಇವತ್ತು ಮಧ್ಯಾಹ್ನ ತಾನೂ ಅಲ್ಲಿ ಬಗ್ಗಿದ್ದ.

“ಬುಧವಾರ ಹೋಗೋವಾಗ ನಿಮ್ಮ ಯಜಮಾನ್ರು ಏನಾದ್ರೂ ಹೇಳಿದ್ರಾ?”

ಲಕ್ಷ್ಮಿದೇವಮ್ಮನ ಮುಖದಲ್ಲಿ ಮೊದಲ ಸಲ ಏನೋ ಅಲುಗಿತು. “ಖುಷೀಲಿದ್ರು. ಎಲ್ಲರ್ಗೂ ಒಂದೊಂದ್ ಕಾರ್ಡ್ ಬರೀತಾರಂತೆ, ಹೊಂದ್ದೇ ಇರೋರು ಬಂದು ಸರಿ ಮಾಡಿಸ್ಕೋಬೇಕಂತೆ ಅಂದ್ರು. ‘ಹೋಗಿ ಇಬ್ರ ಹೆಸ್ರೂ ಹೇಳ್ಬಿಡ್ತೀನಿ ಲಕ್ಷ್ಮಿ. ಒಂದೇ ಕಾರ್ಡಲ್ಲಿ ಅಣ್ಣ ತಮ್ಮ ಇಬ್ರುನ್ನೂ ಬರೀಲಿ. ಕದ್ದು ದುಡಿದಿದ್ದು ಸಾಕು’ ಅಂತ. ಒಗ್ದಿರೋ ಖಾಕಿ ಕೇಳಿ ಹಾಕ್ಕೊಂಡ್ ಹೋದ್ರು.”

ಒಂದೇ ಕಾರ್ಡಲ್ಲಿ ಇಬ್ಬರು. ಅಷ್ಟು ದೊಡ್ಡ ಕಾರ್ಖಾನೆ ತನ್ನ ಮನೆಯ ಹಾಗೇ ಯೋಚಿಸುತ್ತದೆ ಎಂದು ನಂಬಿದ ಮನುಷ್ಯ.

“ಟೋಕನ್ ತಂದ ಹೆಂಗಸು ಹೇಗಿದ್ರು?”

“ತೆಳ್ಳಗೆ. ದಪ್ಪ ಗಾಜಿನ ಕನ್ನಡಕ. ಬಿಸ್ಲು ಬಂದಿದ್ರೂ ಶಾಲು ಹೊದ್ಕೊಂಡಿದ್ರು.”

ಇಲ್ಲೀವರೆಗೂ ಬಂದಿಲ್ಲ ಎಂದಿದ್ದಳು ವಾರಿಜಾ. ಮೂಳೆ ಹೇಳಿದವಳೂ ಅವಳೇ, ಬೂಟು ಹೇಳಿದವಳೂ ಅವಳೇ. ಮನುಷ್ಯನೊಬ್ಬನನ್ನು ಮುಚ್ಚಿಟ್ಟವಳು, ಅವನನ್ನು ಹುಡುಕುವ ದಾರಿಯನ್ನು ತನ್ನ ಕೈಯಾರೆ ಯಾಕೆ ತೋರಿಸಿದಳು?

ಲಕ್ಷ್ಮಿದೇವಮ್ಮ ಎದ್ದು ಬಚ್ಚಲಿಗೆ ಹೋದಳು. ಬೈರಣ್ಣ “ಅತ್ತಿಗೆ, ಬೇಡ” ಎಂದ. ಎದ್ದು ತಡೆಯಲಿಲ್ಲ. ಅವಳು ಅವನ ಪಕ್ಕದಿಂದಲೇ ಚೊಂಬು ಎತ್ತಿಕೊಂಡು ಹಣೆಗೆ ನೀರು ಸುರಿದುಕೊಂಡಳು. ಕುಂಕುಮ ಮೂಗಿನ ಮೇಲಿಂದ, ಗಲ್ಲದ ಮೇಲಿಂದ ಇಳಿದು ಅವನ ಹೊಸ ಬೂಟಿನ ಮೇಲೆ ತೊಟ್ಟಿಕ್ಕಿತು.

“ನಾಳೆ ಬೆಳಿಗ್ಗೆ ನಾನು ಆಸ್ಪತ್ರೆಗೆ ಬರ್ತೀನಿ, ಸಾಮಿ. ನನ್ ಗಂಡನ್ ಹೆಣ ನಂಗೆ ಕೊಡ್ಲಿ. ಟೋಕನ್ ಹೋದ್ರೆ ಹೋಗ್ಲಿ. ಇವ್ನನ್ನ ಜೈಲಿಗೆ ಹಾಕ್ದಂಗೆ ನೋಡ್ಕೊಳ್ಳೋದು ನಿಮ್ ಕೆಲ್ಸ.”

ಗುರುಬಸಪ್ಪ ಸಹಿ ಇಲ್ಲದ ಹಾಳೆಯನ್ನು ನಾಲ್ಕು ಚೂರಾಗಿ ಹರಿದ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಸಂಜೀವಯ್ಯನ ಹತ್ತಿರ ಕಾರ್ಬನ್ ಕಾಪಿ ಇರುತ್ತದೆ.

“ಇನ್ನೊಂದು,” ಎಂದಳು ಲಕ್ಷ್ಮಿದೇವಮ್ಮ. ಮುಖ ಒರೆಸಿಕೊಳ್ಳಲಿಲ್ಲ. “ಆ ಕನ್ನಡಕದ ಆಯಮ್ಮನ್ನೂ ಅಲ್ಲಿಗೆ ಕರೆಸ್ಬೇಕು. ಮಣ್ಣಿಗೆ ಇಡೋ ಮುಂಚೆ ಅವ್ರನ್ನ ಒಂದ್ ಮಾತು ಕೇಳ್ಬೇಕು ನಾನು.”

“ಯಾರು ಹೊಡೆದ್ರು ಅಂತಾನಾ?”

“ಅದಲ್ಲ. ಹೆಣ ಸಿಕ್ಕಿದ್ದು ಶನಿವಾರ. ಆಯಮ್ಮ ಬಂದಿದ್ದು ಗುರುವಾರ. ಹಿಂದಿನ್ ರಾತ್ರಿ ನನ್ ಗಂಡ ಡಬಲ್ ಡ್ಯೂಟಿ ಮಾಡ್ತಾವ್ರೆ ಅಂದ್ಕೊಂಡು ನಾನು ಅವ್ರಿಗೆ ಅಂತ ಮುದ್ದೆ ಎತ್ತಿಟ್ಟಿದ್ದೆ. ಕಟ್ಕೊಂಡ್ ಹೆಂಡ್ತಿ ನಂಗೇ ಇನ್ನೂ ಗೊತ್ತಿರ್ಲಿಲ್ಲ, ಸಾಮಿ. ಆಯಮ್ಮ ಆಟೋ ಇಳಿಯೋವಾಗ್ಲೇ ಅಳ್ತಿದ್ರು. ಯಾಕ್ ಅತ್ರು ಅಂತ ಕೇಳ್ಬೇಕು.”